ಮುರಿಯದ ಕಾಲಿನ ಆಪರೇಷನ್

6 ಜನವರಿ 2025, ಸೋಮವಾರ

ಒಂಬತ್ತಕ್ಕೆ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಬಾಗಿಲು ತೆಗೆದೆ. ಮಧ್ಯಾಹ್ನದೊಳಗೆ ಇಪ್ಪತ್ತೆರಡು ಜನ. ಎದೆ ಹದಿಮೂರು, ಕೈಕಾಲು ಏಳು, ಸೊಂಟ ಎರಡು. ಹೊಸ ಡಿಜಿಟಲ್ ಮಷಿನ್ ಬಂದು ನಾಲ್ಕನೇ ದಿನ. ಫಿಲ್ಮ್ ತೊಳೆಯುವ ಕೆಲಸ ಹೋಯಿತು, ಬೆರಳ ಸಂದಿಯ ಹುಳಿ ವಾಸನೆಯೂ ಹೋಯಿತು. ಚಿತ್ರ ನೇರ ಸ್ಕ್ರೀನಿಗೆ ಬರುತ್ತದೆ. ಕಂಪನಿಯ ಎಂಜಿನಿಯರ್ ಸಲ್ಮಾನ ಏನೋ ಸೆಟ್ಟಿಂಗ್ ತಿದ್ದಿದ. ‘ಒಂದ್ ಟೆಸ್ಟ್ ತಗೋರಿ ಮೇಡಂ, ಊಟ ಮಾಡಿ ಬರ್ತೇನಿ’ ಅಂತ ಹೋದ.

ಟೆಸ್ಟಿಗೆ ನೀರಿನ ಡಬ್ಬಿ ಇಟ್ಟರೂ ಸಾಕು. ನಾನೇ ಮಲಗಿದೆ. ದೀಪಾವಳಿಯಿಂದ ಎಡ ತೊಡೆ ನೋಯುತ್ತಿದೆ. ಮೊದಲು ಮೆಟ್ಟಿಲು ಹತ್ತುವಾಗ ಮಾತ್ರ, ಈಗ ನಿಂತಲ್ಲೇ. ಅಟೆಂಡರ್ ಮೀರಾಸಾಬ ಕಾಕಾಗೆ ಗುಂಡಿ ಒತ್ತಲು ಹೇಳಿದೆ. ‘ಡಾಕ್ಟರ್ ಚೀಟಿ ಎಲ್ಲೈತ್ರಿ ಬಾಯಾರ?’ ಅಂದರು. ಇಪ್ಪತ್ತೊಂದು ವರ್ಷ ಇದೇ ಕೋಣೆಯಲ್ಲಿ ಕಳೆದವರು. ನಿಯಮ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

‘ಒತ್ರಿ ಕಾಕಾ.’

ಒತ್ತಿದರು. ಎದ್ದು ಬಂದು ನೋಡಿದೆ. ಚಿತ್ರ ಚೆನ್ನಾಗಿ ಬಂದಿದೆ. ಮಷಿನ್ ಸರಿ ಇದೆ.

ನನ್ನ ತೊಡೆಯ ಎಲುಬು ಸರಿ ಇಲ್ಲ.

7 ಜನವರಿ, ಬೆಳಿಗ್ಗೆ 5.40

ಸೊಂಟದ ಕೀಲಿನ ಕೆಳಗೆ, ಎಲುಬು ಅತಿ ದಪ್ಪ ಇರಬೇಕಾದ ಜಾಗದಲ್ಲಿ ಒಂದು ಮಬ್ಬು. ದೊಡ್ಡ ನಿಂಬೆಹಣ್ಣಿನಷ್ಟು. ಒಳಗೆ ಎಲುಬಿನ ಜಾಲರಿ ಕಾಣುವುದಿಲ್ಲ, ಹೊಗೆ ಹಿಡಿದ ಗಾಜಿನ ಹಾಗೆ. ಹೊರಗಿನ ಗೋಡೆ ಕಾಗದದಷ್ಟು ತೆಳು. ಬೇರೆ ಯಾರದಾದರೂ ಆಗಿದ್ದರೆ ಆಗಲೇ ಸ್ಟ್ರೆಚರ್ ತರಿಸುತ್ತಿದ್ದೆ.

ಚಿತ್ರ ಡಿಲೀಟ್ ಮಾಡಿದೆ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಹತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತ ಬಂದಿದ್ದೇನೆ. ‘ನಾ ಏನೂ ಹೇಳಾಂಗಿಲ್ರಿ, ಡಾಕ್ಟರ್ ಹೇಳ್ತಾರ.’ ಆರು ವರ್ಷದ ಹಿಂದೆ ಅಕ್ಕ ಸುನಂದಾಗೂ ಅದನ್ನೇ ಹೇಳಿದೆ. ಬೆನ್ನು ನೋವು ಅಂತ ಬಂದಿದ್ದಳು. ಹಸಿ ಫಿಲ್ಮ್ ದೀಪಕ್ಕೆ ಹಿಡಿದಾಗಲೇ ಕಂಡಿತ್ತು, ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ‘ಏನೈತಿ ರೇಣುಕಾ?’ ಅಂದಳು. ಡಾಕ್ಟರ್ ಹೇಳ್ತಾರಕ್ಕ, ಅಂದೆ. ಏಳು ತಿಂಗಳು ಇದ್ದಳು.

ಅವಳಿಗೆ ಆಗ ನಲವತ್ತೆರಡು. ನನಗೆ ಈಗ ನಲವತ್ತೆರಡು.

ಇವರು ಏಳುವ ಹೊತ್ತಾಯಿತು. ಮುಳವಾಡದ ಪಂಪ್‌ಹೌಸಿನಲ್ಲಿ ಆಪರೇಟರ್, ಇವತ್ತು ಫಸ್ಟ್ ಶಿಫ್ಟ್. ರೊಟ್ಟಿ ಬಡಿಯಬೇಕು. ಬಲಗಾಲಿನ ಮೇಲೆ ಭಾರ ಹಾಕಿ ನಿಂತರೆ ಗೊತ್ತಾಗುವುದಿಲ್ಲ.

10 ಜನವರಿ

ಕಾಕಾ ಏನೂ ಕೇಳಿಲ್ಲ. ಆದರೆ ಮೂರು ದಿನದಿಂದ ನನಗೆ ಒಬ್ಬ ರೋಗಿಯನ್ನೂ ಎತ್ತಲು ಬಿಟ್ಟಿಲ್ಲ. ಟೇಬಲ್ ಹತ್ತಿಸುವುದು, ಹೊರಳಿಸುವುದು, ಎಲ್ಲ ಅವರೇ. ಐವತ್ತೊಂಬತ್ತು ವರ್ಷ ಅವರಿಗೆ. ಮೇ ತಿಂಗಳಲ್ಲಿ ರಿಟೈರ್ ಆಗುತ್ತಾರೆ. ಸಿಟ್ಟಾಗಿ ಬೈದೆ. ‘ನಂಗೇನ್ ಆಗೇತಿ ಅಂತ ಮಾಡೀರಿ?’

‘ನಾ ಏನೂ ಹೇಳಾಂಗಿಲ್ರಿ’ ಅಂದರು. ‘ಡಾಕ್ಟರ್ ಹೇಳ್ತಾರ.’

14 ಜನವರಿ, ಸಂಕ್ರಾಂತಿ

ಹೂವಿನ ಹಿಪ್ಪರಗಿ. ಅತ್ತೆ, ಮಾವ, ಇವರು. ಮಗಳು ಸುರೇಖಾ ಸಿಂದಗಿಯ ಹಾಸ್ಟೆಲಿನಿಂದ ಬಂದಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಎಲ್ಲರೂ ಹೊಲಕ್ಕೆ ನಡೆದರು. ಚಪ್ಪಲಿ ಕಚ್ಚುತ್ತಿದೆ ಅಂತ ಮನೆಯಲ್ಲೇ ಕುಳಿತೆ. ಹೇಳಲಿಲ್ಲ. ಹಬ್ಬ ಮುಗಿಯಲಿ.

20 ಜನವರಿ, ಸೋಮವಾರ

ಹಬ್ಬ ಮುಗಿದು ಆರು ದಿನ. ಹೇಳಿಲ್ಲ.

ಇವತ್ತು ಜನ್ನತಬಿ ಅಂತ ಒಬ್ಬರು ಬಂದರು. ಅರವತ್ತಮೂರು ವರ್ಷ. ನಾಲ್ಕು ಜನ ಹೊರಸಿನ ಮೇಲೆ ಹೊತ್ತು ತಂದರು. ಎಡ ತೊಡೆ ಬಾತು ಬಾಗಿಹೋಗಿತ್ತು. ಎಲ್ಲಿ ಬಿದ್ದಿರಿ ಅಂದೆ.

‘ಬಿದ್ದಿಲ್ಲವ್ವಾ. ಕೊಡಾ ಇಳಿಸಿ ಹೊಳ್ಳಿದೆ ಅಷ್ಟ. ಕಟಕ್ ಅಂತು. ಆಮ್ಯಾಲ ಬಿದ್ದೆ.’

‘ಮೊದ್ಲ ನೋವಿತ್ತೇನ್ರಿ?’

‘ಇತ್ತಲಾ. ರಮಜಾನದಿಂದ ಇತ್ತು. ಕಾಲ ಅಂದ್ಮ್ಯಾಲ ನೋಯತಾವ, ಯಾರಿಗೆ ಹೇಳೂದು ಅಂತ ಬಿಟ್ಟಿದ್ದೆ.’

ಪ್ಲೇಟ್ ಇಡಲು ಕಾಲು ಎತ್ತಿದಾಗ ಕೂಗಿದರಲ್ಲ... ಆ ಕೂಗು ಇನ್ನೂ ಕಿವಿಯಲ್ಲಿದೆ. ಎಲುಬು ಎರಡು ತುಂಡು, ತುದಿ ಮಾಂಸಕ್ಕೆ ಚುಚ್ಚಿತ್ತು. ವಿಜಯಪುರಕ್ಕೆ ಕಳಿಸಿದರು.

ಆಂಬ್ಯುಲೆನ್ಸ್ ಹೋದ ಮೇಲೆ ಕಾಕಾ ಬಾಗಿಲು ಮುಂದೆ ಮಾಡಿ ನನ್ನೆದುರು ಸ್ಟೂಲಿನ ಮೇಲೆ ಕುಳಿತರು. ಡ್ಯೂಟಿಯಲ್ಲಿ ಅವರು ಕೂತದ್ದನ್ನು ನಾನು ನೋಡಿಲ್ಲ.

‘ಬಾಯಾರ, ಇವತ್ತ ಮನ್ಯಾಗ ಹೇಳ್ರಿ. ಇಲ್ಲಂದ್ರ ನಾಳಿ ನಾ ಮುಳವಾಡಕ್ಕ ಹೋಗಿ ಸಾಹೇಬ್ರಿಗೆ ಹೇಳ್ತೇನಿ. ನೀವು ಸಿಟ್ಟಾದ್ರ ಆಗ್ರಿ.’

21 ಜನವರಿ, ಬೆಳಿಗ್ಗೆ

ಹೇಳಿದೆ. ನಿನ್ನೆ ಸಂಜೆ ಚಹಾ ಕೊಟ್ಟು, ಮೊಬೈಲಿನ ಫೋಟೋ ಮುಂದೆ ಹಿಡಿದೆ. ಇವರಿಗೆ ಎಕ್ಸ್-ರೇ ಅರ್ಥವಾಗುವುದಿಲ್ಲ. ‘ಯಾರದು?’ ಅಂದರು.

‘ನಂದು.’

‘ಏನಾಗೇತಿ?’

ಡಾಕ್ಟರ್ ಹೇಳ್ತಾರ ಅಂತ ಬಾಯಿಗೆ ಬಂದೇ ಬಿಟ್ಟಿತ್ತು. ತಡೆದು ಕಂಡದ್ದನ್ನೆಲ್ಲ ಹೇಳಿದೆ. ಅಕ್ಕನ ಬೆನ್ನೆಲುಬಿನ ಸಂಗತಿಯನ್ನೂ ಹೇಳಿದೆ. ಆ ದಿನ ನಾನು ನೋಡಿದ್ದೆ, ಗೊತ್ತಿತ್ತು ಅಂತ ಯಾರಿಗೂ ಹೇಳಿರಲಿಲ್ಲ.

ಇವರು ಬಯ್ಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ನನ್ನ ಸ್ಕೂಟಿಯ ಕೀಲಿ ತಮ್ಮ ಅಂಗಿ ಕಿಸೆಗೆ ಹಾಕಿಕೊಂಡರು. ಆಮೇಲೆ ನೀರಿನ ಕೊಡ, ಹಿಟ್ಟಿನ ಡಬ್ಬಿ, ಎಲ್ಲ ತಂದು ಕಟ್ಟೆಯ ಮೇಲೆ ಇಟ್ಟರು. ‘ಬಗ್ಗೂದ ಬ್ಯಾಡ. ಶುಕ್ರವಾರ ರಜಾ ಹಾಕ್ತೇನಿ. ವಿಜಾಪುರಕ್ಕ ಹೋಗೂಣು.’

ಹದಿನೈದು ದಿನದಿಂದ ಎದೆಯಲ್ಲಿ ಏನೋ ಕಟ್ಟಿಕೊಂಡಿತ್ತು. ಸಡಿಲಾಯಿತು. ಕಾಯಿಲೆ ಇದ್ದಲ್ಲೇ ಇದೆ. ಆದರೂ ಚೆನ್ನಾಗಿ ನಿದ್ದೆ ಬಂತು.

24 ಜನವರಿ, ಶುಕ್ರವಾರ

ವಿಜಯಪುರ. ಎಲುಬಿನ ಡಾಕ್ಟರು ನನಗಿಂತ ಸಣ್ಣವರು. ಮತ್ತೆ ಎಕ್ಸ್-ರೇ, ಆಮೇಲೆ ಎಮ್ಆರ್‌ಐ. ಟೇಬಲ್ ಮೇಲೆ ಮಲಗಿ ಬೇರೆಯವರು ‘ಅಲುಗಾಡಬ್ಯಾಡ್ರಿ’ ಅನ್ನುವುದನ್ನು ಕೇಳುವುದು... ನಾನು ಎಷ್ಟು ಒರಟಾಗಿ ಹೇಳುತ್ತೇನೆ ಅಂತ ಗೊತ್ತಾಯಿತು.

ಡಾಕ್ಟರು ಹಾಳೆಯ ಮೇಲೆ ಅಂಕ ಬರೆದರು. ಜಾಗ ಯಾವುದು, ನೋವು ಎಷ್ಟು, ಎಲುಬು ಎಷ್ಟು ಸವೆದಿದೆ. ಹನ್ನೆರಡಕ್ಕೆ ಒಂಬತ್ತು. ‘ಎಂಟ್ ದಾಟಿದ್ರ ಮುರಿಯೂ ಮುಂಚೆನ ರಾಡ್ ಹಾಕಿಬಿಡಬೇಕ್ರಿ. ಮುರದ ಮ್ಯಾಲ ಹಾಕೂದು ಬ್ಯಾರೆ, ಮುರಿಯೂ ಮುಂಚೆ ಹಾಕೂದು ಬ್ಯಾರೆ. ನಿಮಗ ಹೇಳೂದ ಬ್ಯಾಡ.’

‘ಒಳಗಿಂದು ಏನ್ರಿ ಸರ್?’

‘ಅದ ನೋಡಬೇಕು. ಸೂಜಿ ಹಾಕಿ ಚೂರು ತಗದು ಟೆಸ್ಟಿಗೆ ಕಳಸೂಣು. ಅದಕ್ಕೂ ಮೊದ್ಲ ಒಂದ್ ಮಾತು. ಈ ಕಾಲಿಂದು ಹಳೇ ಎಕ್ಸ್-ರೇ ಏನರ ಐತೇನ್ರಿ? ಹತ್ತು ವರ್ಷದ್ದರ, ಇಪ್ಪತ್ತು ವರ್ಷದ್ದರ?’

ಇಲ್ಲ ಅಂದೆ. ಬಾಗೇವಾಡಿಗೆ ವಾಪಸು ಬರುವಾಗ, ಬಸ್ಸಿನಲ್ಲಿ, ಥಟ್ಟನೆ ಹೊಳೆಯಿತು.

ಇದೆ! ಹದಿನೇಳನೇ ವಯಸ್ಸಿನಲ್ಲಿ ಹೊರ್ತಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದಿದ್ದೆ. ಅಪ್ಪ ಇಂಡಿಗೆ ಕರೆದೊಯ್ದು ಸೊಂಟದ ಫೋಟೋ ತೆಗೆಸಿದ್ದ. ಮುರಿದಿಲ್ಲ ಅಂತ ಗುಳಿಗೆ ಕೊಟ್ಟು ಕಳಿಸಿದ್ದರು. ಆ ಫಿಲ್ಮ್ ನೋಡಿಯೇ ನನಗೆ ಈ ಕೆಲಸದ ಹುಚ್ಚು ಹತ್ತಿದ್ದು. ತವರಿನ ಟ್ರಂಕಿನಲ್ಲಿ ಇರಬೇಕು.

25 ಜನವರಿ

ತಮ್ಮ ಮಾಳಪ್ಪನಿಗೆ ಬೆಳಿಗ್ಗೆ ಫೋನ್. ಟ್ರಂಕ್ ತೆಗೆದು ನೋಡು ಅಂದೆ. ಯಾಕ ಅಂದ. ಹೇಳಿದೆ. ‘ಅಕ್ಕಾ... ಅದು ಟ್ರಂಕ್‌ನ್ಯಾಗ ಇಲ್ಲ’ ಅಂದ.

‘ಮತ್ತ?’

‘ಹೋದ ಸೂರ್ಯಗ್ರಹಣಕ್ಕ ಕತ್ತರಿಸಿದ್ವಿ. ಓಣಿ ಹುಡುಗೂರೆಲ್ಲ ನೋಡೂದಕ್ಕ.’

ಎಷ್ಟು ಬೈದೆನೋ ನನಗೇ ಗೊತ್ತಿಲ್ಲ. ಅವ ಕೇಳಿಸಿಕೊಂಡ. ‘ಹುಡುಕತೇನಿ ಅಕ್ಕಾ’ ಅಂದ.

26 ಜನವರಿ, ಭಾನುವಾರ

ಧ್ವಜ ಹಾರಿಸಿ ಆಸ್ಪತ್ರೆಯಿಂದ ಬಂದೆ. ಹನ್ನೊಂದಕ್ಕೆ ಮಾಳಪ್ಪ ಬಾಗಿಲಲ್ಲಿ. ಹೊರ್ತಿಯಿಂದ ಬೈಕಿನ ಮೇಲೇ ಬಂದಿದ್ದಾನೆ. ಮುಖದ ತುಂಬ ಧೂಳು. ಅಂಗಿಯೊಳಗಿಂದ ವೃತ್ತಪತ್ರಿಕೆಯಲ್ಲಿ ಸುತ್ತಿದ ತುಂಡುಗಳನ್ನು ತೆಗೆದ. ನಿನ್ನೆ ಇಡೀ ಓಣಿ ಅಲೆದಿದ್ದಾನೆ. ಒಂದು ತುಂಡು ಯಾರದೋ ದೇವರ ಜಗಲಿಯ ಹಿಂದೆ, ಒಂದು ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದು. ಆರರಲ್ಲಿ ನಾಲ್ಕು ಸಿಕ್ಕಿವೆ.

ನೆಲದ ಮೇಲೆ ಜೋಡಿಸಿದೆ. ಬಲಗಡೆ ಎರಡು ಇಲ್ಲ. ಎಡಗಡೆ ಪೂರ್ತಿ ಇದೆ.

ಬಿಸಿಲಿಗೆ ಹಿಡಿದೆ. ತುಂಡು ಜಾರದಂತೆ ಇನ್ನೊಂದು ಬದಿ ಮಾಳಪ್ಪ ಹಿಡಿದುಕೊಂಡ. ಅದೇ ಜಾಗ. ಅದೇ ಮಬ್ಬು. ಸಣ್ಣದು, ಗೋಲಿಯಷ್ಟು. ಇಪ್ಪತ್ತೈದು ವರ್ಷದ ಹಿಂದಿನ ನನ್ನ ಎಲುಬಿನಲ್ಲಿ ಆಗಲೇ ಇತ್ತು.

‘ಇದು ಚಲೋನೋ ಕೆಟ್ಟದ್ದೋ?’ ತಮ್ಮ ಕೇಳಿದ.

‘ಚಲೋದು’ ಅಂದೆ. ಡಾಕ್ಟರಿಗಿಂತ ಮುಂಚೆ ನಾನು ಒಳ್ಳೆಯ ಸುದ್ದಿ ಹೇಳಿದ್ದು ಇದೇ ಮೊದಲು. ಅವನು ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟ.

28 ಜನವರಿ

ಡಾಕ್ಟರು ತುಂಡುಗಳನ್ನು ದೀಪದ ಪೆಟ್ಟಿಗೆಯ ಮೇಲೆ ಜೋಡಿಸಿಕೊಂಡು ಹತ್ತು ನಿಮಿಷ ನೋಡಿದರು. ‘ಇಪ್ಪತ್ತೈದು ವರ್ಷದಿಂದ ಇರೂದು ಕ್ಯಾನ್ಸರ್ ಆಗಿದ್ರ ನೀವು ನನ್ನ ಮುಂದ ಕುಂತಿರ್ತಿರಲಿಲ್ಲ. ಆದ್ರೂ ಟೆಸ್ಟ್ ಬಿಡಾಂಗಿಲ್ಲ.’ ಸೂಜಿ ಹಾಕಿದರು. ವಾಕರ್ ಕೊಟ್ಟರು, ಎಡಗಾಲಿಗೆ ಭಾರ ಹಾಕಬಾರದು. ರಿಪೋರ್ಟಿಗೆ ಎರಡು ವಾರ.

12 ಫೆಬ್ರವರಿ

ರಿಪೋರ್ಟ್ ಬಂತು. ಫೈಬ್ರಸ್ ಡಿಸ್ಪ್ಲೇಸಿಯಾ. ಕ್ಯಾನ್ಸರ್ ಅಲ್ಲ. ಹುಟ್ಟಿನಿಂದಲೇ ಆ ಜಾಗದಲ್ಲಿ ಎಲುಬಿನ ಬದಲು ನಾರು ಬೆಳೆದಿದೆ. ಜೀವಕ್ಕೆ ಅಪಾಯ ಇಲ್ಲ, ಕಾಲಿಗೆ ಇದೆ. ಇವತ್ತಲ್ಲ ನಾಳೆ ಮುರಿಯುತ್ತದೆ. ಆದ್ದರಿಂದ ರಾಡ್ ಹಾಕುವುದು ಖರೆ.

ಎಲುಬು ಸ್ವಲ್ಪ ಬಾಗಿದೆಯಂತೆ. ‘ಇದಕ್ಕ ಇಂಗ್ಲಿಷ್ ಪುಸ್ತಕದಾಗ ಕುರುಬರ ಕೋಲು ಅಂತಾರ್ರಿ. ತುದಿ ಬಗ್ಗಿರ್ತೈತಲ್ಲ, ಹಂಗ.’

‘ನಮ್ಮ ಮಾವ ಕುರಿ ಕಾಯೋರ ಅದಾರ್ರಿ ಸರ್. ಅವರ ಬಡಿಗಿ ನೆಟ್ಟಗ ಐತಿ.’

ಡಾಕ್ಟರು ನಕ್ಕರು. ಇವರೂ ನಕ್ಕರು. ನಾನು ನಗಲು ಹೋಗಿ ಸೆರಗು ಬಾಯಿಗೆ ಒತ್ತಿಕೊಂಡೆ. ನಿಲ್ಲಲೇ ಇಲ್ಲ ಅಳು. ಡಾಕ್ಟರು ನೀರು ಕೊಟ್ಟು ಹೊರಗೆ ಹೋಗಿ ನಿಂತರು.

ಸಂಜೆ ಸುರೇಖಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಇಷ್ಟ್ ದಿನಾ ಯಾಕ ಹೇಳಲಿಲ್ಲ ಮಮ್ಮಿ?’ ಅಂತ ಜಗಳ ತೆಗೆದಳು. ಬೈಸಿಕೊಂಡೆ. ಹಿತವಾಗಿತ್ತು.

16 ಫೆಬ್ರವರಿ, ಭಾನುವಾರ

ಹಿಪ್ಪರಗಿಗೆ ಹೋಗಿ ಆಪರೇಷನ್ ವಿಷಯ ಹೇಳಿದೆವು. ಅತ್ತೆ ರಾಮವ್ವ ಒಪ್ಪಲೇ ಇಲ್ಲ.

‘ಮುರದಿಲ್ಲ, ಬಾತಿಲ್ಲ, ವಾಕರ್ ಹಿಡದು ನಡಕೋತ ಬಂದಾಳ. ನಡಿಯೂ ಕಾಲ ಯಾಕ ಕೊಯ್ಸತೀರಿ? ಡಾಕ್ಟರ್ ಮಂದಿಗೆ ಕೊಯ್ಯೂದ ಒಂದ ಗೊತ್ತು.’ ಎಲುಬು ಕಟ್ಟುವ ಅಜ್ಜನನ್ನು ಆಗಲೇ ಕರೆಸಿಬಿಟ್ಟಿದ್ದರು. ಅಜ್ಜ ತೊಡೆ ಮುಟ್ಟಿ, ಒತ್ತಿ, ಕಣ್ಣು ಮುಚ್ಚಿ ನೋಡಿದ. ಕೊನೆಗೆ, ‘ಮುರದಿದ್ರ ಕಟ್ಟತಿದ್ದೆ. ಮುರೀದಿದ್ದನ್ನ ನಾ ಏನ ಕಟ್ಟಲಿ ರಾಮವ್ವಾ?’ ಅಂತ ಚಹಾ ಕುಡಿದು ಹೋದ.

ಮಾವ ಸೋಮನಿಂಗಪ್ಪ ಇಷ್ಟು ಹೊತ್ತು ಕಂಬಕ್ಕೆ ಒರಗಿ ಕುಳಿತಿದ್ದರು. ಮಾತು ಕಡಿಮೆ. ತಮ್ಮ ಬಡಿಗಿಯನ್ನು ಅತ್ತೆಯ ಮುಂದೆ ಹಿಡಿದರು. ನಡುವೆ ಒಂದು ಗೇಣು ತಂತಿ ಸುತ್ತಿದೆ.

‘ಈ ತಂತಿ ಯಾವಾಗ ಸುತ್ತೇನಿ? ಸೀಳ ಬಿಡಾಕತ್ತಾಗ. ಮುರದ ಮ್ಯಾಲ ಸುತ್ತಿದ್ರ ಏನ ಬರ್ತಿತ್ತು? ಒಲಿಗೆ ಹಾಕತಿದ್ದಿ.’

ಅತ್ತೆ ಬಡಿಗಿ ನೋಡಿದರು, ನನ್ನ ಕಾಲು ನೋಡಿದರು. ‘ಕೋಲ ಬ್ಯಾರೆ, ಹೆಣ್ಮಗಳು ಬ್ಯಾರೆ’ ಅಂದು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಚೀಲ ಹಿಡಿದು ಬಂದರು. ಎರಡು ಸೀರೆ, ಶೇಂಗಾ ಹಿಂಡಿ, ಉಪ್ಪಿನಕಾಯಿ. ‘ಎಲ್ಲಿಗಿ?’ ಅಂದರು ಮಾವ.

‘ಬಾಗೇವಾಡಿಗೆ. ಕಾಲ ಕೊಯ್ಸಿಕೊಂಡ್ಮ್ಯಾಲ ರೊಟ್ಟಿ ನೀವು ಬಡೀತೀರೇನು?’

24 ಫೆಬ್ರವರಿ

ನಾಳೆ ಎಂಟಕ್ಕೆ. ಆಸ್ಪತ್ರೆಯ ಹಾಸಿಗೆ. ಹೆದರಿಕೆ ಇದೆ. ಆದರೆ ಇದು ಜನವರಿಯ ಹೆದರಿಕೆಯಲ್ಲ. ಇದಕ್ಕೆ ಮುಗಿಯುವ ಗಂಟೆ ಗೊತ್ತಿದೆ.

27 ಫೆಬ್ರವರಿ

ಮುಗಿಯಿತು. ಈಗ ಕುಳಿತು ಬರೆಯುತ್ತಿದ್ದೇನೆ.

ಬೆನ್ನಿಗೆ ಇಂಜೆಕ್ಷನ್, ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ಕೇಳುವುದೆಲ್ಲ ಕೇಳುತ್ತಿತ್ತು. ಎಲುಬಿನ ಒಳಗೆ ಕೊರೆಯುವ ಸದ್ದು, ಆಮೇಲೆ ಸುತ್ತಿಗೆ. ಪ್ರತಿ ಹೊಡೆತಕ್ಕೂ ಮೈ ಇಷ್ಟೇ ಇಷ್ಟು ಸರಿಯುತ್ತಿತ್ತು. ಕಣ್ಣು ಮುಚ್ಚಿಕೊಳ್ಳಬೇಕು ಅಂತ ಮಾಡಿದ್ದೆ. ಆಗಲಿಲ್ಲ. ಪಕ್ಕದಲ್ಲೇ, ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಸಿ-ಆರ್ಮ್ ಸ್ಕ್ರೀನ್. ರಾಡ್ ಮಬ್ಬನ್ನು ದಾಟಿ ಕೆಳಗಿಳಿಯುವುದನ್ನು ನೋಡಿದೆ. ಬಿಳಿ, ನೇರ, ಗಟ್ಟಿ ಗೆರೆ. ಸ್ಕ್ರೂ ಹಾಕುವಾಗ ಟೆಕ್ನಿಷಿಯನ್ ಪಕ್ಕದಿಂದ ಹಿಡಿದ ಆ್ಯಂಗಲ್ ಸರಿ ಇರಲಿಲ್ಲ. ಬಾಯಿ ಸುಮ್ಮನಿರಲಿಲ್ಲ.

‘ಸ್ವಲ್ಪ ಹೊರಗ ತಿರುಗಸ್ರಿ. ಲ್ಯಾಟರಲ್ ಪೂರಾ ಬಂದಿಲ್ಲ.’

ಕೊರೆಯುವ ಸದ್ದು ನಿಂತಿತು. ಪರದೆಯ ಆಚೆಯಿಂದ ಡಾಕ್ಟರ ದನಿ: ‘ಪೇಶಂಟ್ ಹೇಳೂದು ಖರೆ ಐತಿ. ತಿರುಗಸ್ರಿ.’ ಇಡೀ ಥಿಯೇಟರ್ ನಕ್ಕಿತು.

ನಿನ್ನೆ ವಾಕರ್ ಹಿಡಿದು ನಿಲ್ಲಿಸಿದರು. ಹೊಲಿಗೆ ಜಗ್ಗುತ್ತದೆ, ಉರಿಯುತ್ತದೆ. ಆದರೆ ಆ ಹಳೆಯ ನೋವು, ಆಳದಲ್ಲಿ ಕೊರೆಯುತ್ತಿದ್ದದ್ದು... ಹುಡುಕಿದೆ. ಇಲ್ಲ.

30 ಮಾರ್ಚ್, ಯುಗಾದಿ

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಉಂಡೆ, ನಡೆದೆ, ಮಲಗಿದೆ.

ಅತ್ತೆ ಬಂದವರು ಹೋಗಿಲ್ಲ. ನೋಡಲು ಬಂದವರೆಲ್ಲ ‘ಯಾವಾಗ ಮುರೀತ್ರಿ?’ ಅಂತ ಕೇಳುತ್ತಾರೆ. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ: ‘ಮುರದಿಲ್ಲರಿ! ಮುರೀಬಾರದಂತ ಮಾಡಿಸೇವಿ. ಸೀಳ ಬಿಡಾಕತ್ತಾಗ ತಂತಿ ಸುತ್ತಬೇಕ್ರಿ.’ ಮಾವನ ಮಾತು ಈಗ ಅವರದೇ ಆಗಿದೆ. ಪಕ್ಕದ ಮನೆಯವರ ಮೊಣಕಾಲನ್ನೂ ಪರೀಕ್ಷಿಸುತ್ತಾರೆ.

5 ಮೇ, ಸೋಮವಾರ

ಡ್ಯೂಟಿಗೆ ಹಾಜರು. ಕಾಕಾ ಕೋಣೆ ಗುಡಿಸಿ ಒರೆಸಿ, ನನಗೊಂದು ಎತ್ತರದ ಕುರ್ಚಿ ಎಲ್ಲಿಂದಲೋ ತಂದಿಟ್ಟಿದ್ದರು. ಮೂವತ್ತೊಂದು ಜನ. ದಣಿವಾಯಿತು. ಎಲ್ಲರ ಹಾಗೆ ದಣಿದೆ, ಅಷ್ಟೇ.

12 ಮೇ

ಜನ್ನತಬಿ ಮತ್ತೆ ಬಂದರು. ಈ ಸಲ ಮಗನ ಕೈ ಹಿಡಿದು, ಕುಂಟುತ್ತ. ಎಡಗಾಲಿಗೆ ಜನವರಿಯಲ್ಲೇ ರಾಡ್ ಹಾಕಿದ್ದಾರೆ. ಈಗ ಬಲ ತೊಡೆ ನೋವಂತೆ. ಚೀಟಿಯಲ್ಲಿ ಎಡಗಾಲಿನ ಫಾಲೋ-ಅಪ್ ಅಂತ ಮಾತ್ರ ಇತ್ತು. ಡಾಕ್ಟರ ಹತ್ತಿರ ನಾನೇ ಹೋಗಿ ಬಲಗಾಲನ್ನೂ ಬರೆಸಿಕೊಂಡು ಬಂದೆ.

ತೆಗೆದೆ. ಹೊರ ಗೋಡೆಯಲ್ಲಿ ಸಣ್ಣ ಬಿರುಕು. ಕೂದಲೆಳೆಯಷ್ಟು.

‘ಏನೈತವ್ವಾ?’ ಅಂದರು.

‘ಡಾಕ್ಟರ್ ಹೇಳ್ತಾರ್ರಿ’ ಅಂದೆ. ಅಲ್ಲಿಗೇ ನಿಲ್ಲಿಸಲಿಲ್ಲ. ಕೆಳಗೆ ಇಳಿಯಬೇಡಿ ಅಂದೆ. ಕಾಕಾ ಸ್ಟ್ರೆಚರ್ ತಂದರು. ನಾನೇ ಜೊತೆಗೆ ನಡೆದು ಡಾಕ್ಟರ ಟೇಬಲ್ ತನಕ ಹೋದೆ, ಅವರು ಸ್ಕ್ರೀನ್ ನೋಡುವ ತನಕ ನಿಂತೆ. ಹಿಂತಿರುಗಿ ಬರುವಾಗ ಅಕ್ಕ ನೆನಪಾದಳು. ಅವಳ ಜೊತೆಗೂ ಇಷ್ಟು ನಡೆಯಬಹುದಿತ್ತು.

16 ಮೇ

ಜನ್ನತಬಿಯ ಮಗನ ಫೋನ್. ಆಪರೇಷನ್ ಆಯಿತು. ಮುರಿಯುವ ಮೊದಲೇ. ‘ಈ ಸಲ ಅಮ್ಮಾ ಒಂದ್ ಸಲಾನೂ ಚೀರಿಲ್ರಿ.’

8 ಜೂನ್, ಭಾನುವಾರ, ಬೆಳಿಗ್ಗೆ 9.15, ಬಸ್ ಸ್ಟ್ಯಾಂಡ್

ಕಾಕಾ ಮೇ ಮೂವತ್ತೊಂದಕ್ಕೆ ರಿಟೈರ್ ಆಗಿ ಮುದ್ದೇಬಿಹಾಳದ ತಮ್ಮ ಮನೆಗೆ ಹೋದರು. ನಿನ್ನೆ ಬಕ್ರೀದ್. ಇವತ್ತು ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಾರೆ. ಅವರ ಹೆಂಡತಿ ಶಮಶಾದಬಿ ಎರಡು ಸಲ ಫೋನ್ ಮಾಡಿದರು, ಸಾಹೇಬರನ್ನು ಬಿಟ್ಟು ಬರಬೇಡಿ ಅಂತ. ಇವರು ಅಲ್ಲಿ ಕಟ್ಟೆಯ ಹತ್ತಿರ ಯಾರ ಜೊತೆಗೋ ಪಂಪ್‌ಹೌಸಿನ ಮಾತು. ಅತ್ತೆ ಹಿಪ್ಪರಗಿಯಿಂದ ಕೊಟ್ಟುಕಳಿಸಿದ ಹಿಂಡಿಯ ಡಬ್ಬಿ ನನ್ನ ತೊಡೆಯ ಮೇಲೆ. ಎಡ ತೊಡೆಯ ಮೇಲೆ, ಈಗ ನೋಡಿದೆ.

ಮನೆಯಿಂದ ನಡೆದೇ ಬಂದೆವು. ದಾರಿಯುದ್ದಕ್ಕೂ ಸುರೇಖಾಳ ಕಾಲೇಜಿನ ಮಾತು. ಮಧ್ಯದಲ್ಲಿ ಎಲ್ಲಿ ತಗ್ಗಿತ್ತು, ಎಲ್ಲಿ ಏರಿತ್ತು, ನೆನಪಿಲ್ಲ. ಫೆಬ್ರವರಿಯಲ್ಲಿ ಈ ಬೀದಿಯ ಒಂದೊಂದು ಕಲ್ಲೂ ಗೊತ್ತಿತ್ತು.

ಬಸ್ ಬಂತು. ಮೆಟ್ಟಿಲು ಎತ್ತರ. ಹತ್ತುವಾಗ ಬಲಗಾಲು ಮೊದಲು ಅಂತ ಫಿಜಿಯೋ ಮೂರು ತಿಂಗಳು ಬಡಿದುಕೊಂಡಿದ್ದಾರೆ. ಇವತ್ತು ಎಡಗಾಲು ಮೊದಲು ಇಟ್ಟು ಹತ್ತುತ್ತೇನೆ.